ಕುಷ್ಠವಲ್ಲದ ಕುಷ್ಠ

ತೊನ್ನು ಮೂಡಿದವರನ್ನು ಕಂಡು ‘ಬಿಳಿ ಕುಷ್ಠ’ ಎನ್ನುವ ಮಾತನ್ನು ಆಲಮಟ್ಟಿಯ ಕಡೆಯೂ ಕೇಳಬಹುದು, ಕರಾವಳಿಯಲ್ಲೂ ಕೇಳಬಹುದು. ತೊನ್ನು ಸೋಂಕೇ ಅಲ್ಲ. ಚರ್ಮವು ತನ್ನ ಬಣ್ಣವನ್ನು ಕಳೆದುಕೊಂಡ ಸ್ಥಿತಿ ಅಷ್ಟೆ. ಆದರೂ ಆ ಹೆಸರೊಂದರಿಂದ ಎಷ್ಟು ಮದುವೆಗಳು ಮುರಿದಿವೆಯೋ! ಈ ತಪ್ಪಿನ ಬೇರು ಬಲು ಹಳೆಯದು.

ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ಸಾವಧಾನವಾಗಿ ಓದಿದವರಿಗೆ ಒಂದು ಸಂಶಯ ಬಂದೇ ಬರುತ್ತದೆ. ಅಲ್ಲಿ ‘ಕುಷ್ಠ’ವು ಮನುಷ್ಯರಿಗಷ್ಟೇ ಅಲ್ಲ, ಉಣ್ಣೆಯ ಬಟ್ಟೆಗೂ ಮನೆಯ ಗೋಡೆಗೂ ತಗಲುತ್ತದೆ. ಗೋಡೆಗೆ ಬರುವುದು ಬೂಷ್ಟು, ಕುಷ್ಠವಲ್ಲ. ಮೂಲ ಹೀಬ್ರೂವಿನ ‘ತ್ಸಾರಾತ್’ ಹಲವು ಬಗೆಯ ಕಲೆ, ಚಕ್ಕೆಗಳಿಗೆ ಸಲ್ಲುವ ಪದ. ಗ್ರೀಕ್ ಅನುವಾದಕರು ಅದನ್ನು ‘ಲೆಪ್ರಾ’ ಎಂದರು. ನಮ್ಮ ‘ಕುಷ್ಠ’ವೂ ಅಂಥದೇ: ಚರಕಸಂಹಿತೆಯು 18 ಬಗೆಯ ಕುಷ್ಠಗಳನ್ನು ಎಣಿಸುತ್ತದೆ. ಹಲವು ವ್ಯಾಧಿಗಳಿಗಿದ್ದ ಈ ಹೆಸರುಗಳು ಕಾಲಕ್ರಮದಲ್ಲಿ ಒಂದೇ ರೋಗಕ್ಕೆ ಅಂಟಿಕೊಂಡವು. ಕಳಂಕ ಮಾತ್ರ ಎಲ್ಲ ಕಲೆಗಳ ಮೇಲೂ ಉಳಿಯಿತು.

ಸಂಶಯವಿದ್ದರೆ ಯಾಜಕನು ಏಳು ದಿನ ಕಾದು ಮತ್ತೆ ನೋಡಬೇಕು, ಆಗಲೂ ತಿಳಿಯದಿದ್ದರೆ ಇನ್ನೂ ಏಳು ದಿನ ಕಾಯಬೇಕು ಎಂಬ ವಿಧಿ ಅಲ್ಲಿತ್ತು. ಬ್ರಿಟಿಷ್ ಸರ್ಕಾರದ 1898ರ ಕುಷ್ಠರೋಗಿಗಳ ಕಾಯಿದೆಗೆ ಅಷ್ಟು ತಾಳ್ಮೆಯಿರಲಿಲ್ಲ. ನಿರ್ಗತಿಕ ಕುಷ್ಠರೋಗಿಯೆಂದು ಕಣ್ಣಿಗೆ ತೋರಿದವನನ್ನು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಿತ್ತು. ವೈದ್ಯರ ಪರೀಕ್ಷೆ ಆಮೇಲಿನದು. ಉಳ್ಳವರಿಗೆ ಆ ಕಲಮು ಅನ್ವಯಿಸುತ್ತಿರಲಿಲ್ಲವೆಂಬುದನ್ನೂ ಗಮನಿಸಬೇಕು. ಕಾಯಿದೆ ರದ್ದಾದುದು 2016ರಲ್ಲಿ.

ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದಾಗ ರೋಗಾಣುವಿನ ಗುರುತು ಸಿಕ್ಕಿತ್ತು. ನಾರ್ವೆಯ ಹ್ಯಾನ್ಸನ್ ಅದನ್ನು 1873ರಲ್ಲೇ ಕಂಡಿದ್ದರು. ಗುಣಪಡಿಸುವ ಮದ್ದು ಮಾತ್ರ ಇರಲಿಲ್ಲ. ಅಂದು ತಪ್ಪು ನಿದಾನವೆಂದರೆ ಜೀವನಪರ್ಯಂತದ ಅಗಲಿಕೆ.

ಇಂದು ತಪ್ಪು ಹೆಚ್ಚಾಗಿ ಎದುರು ದಿಕ್ಕಿನಲ್ಲಿ ಆಗುತ್ತದೆ. ಕುಷ್ಠದ ಮಚ್ಚೆಯನ್ನು ಹುಳಕಡ್ಡಿಯೆಂದು ಬಗೆದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಆಸ್ಪತ್ರೆ ಸೇರಿದ ರೋಗಿಯಲ್ಲೂ ಕುಷ್ಠದ ಪ್ರತಿಕ್ರಿಯೆಯಿಂದ ಕೆಂಪೇರಿ ಊದಿದ ಚರ್ಮವು ಬೇರೆ ಸೋಂಕಿನಂತೆ ಕಂಡು, ಅದಕ್ಕೆಂದೇ ಔಷಧ ನಡೆಯುತ್ತಿರುವಾಗ ಒಳಗೆ ನರ ನಶಿಸಬಹುದು. 1982ರಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆ ರೋಗಾಣುವನ್ನು ಕೊಲ್ಲುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಸಿಗುತ್ತದೆ. ಆದರೆ ಮಡಚಿಹೋದ ಬೆರಳನ್ನು ಅದು ನೇರಮಾಡದು.

ಪರೀಕ್ಷೆಯ ಮೊದಲ ಹೆಜ್ಜೆಗೆ ಯಂತ್ರ ಬೇಕಿಲ್ಲ. ರೋಗಿಯು ಕಣ್ಣು ಮುಚ್ಚುತ್ತಾನೆ, ವೈದ್ಯರು ಹತ್ತಿಯ ಎಳೆಯಿಂದ ಚರ್ಮವನ್ನು ಮೆಲ್ಲನೆ ಮುಟ್ಟುತ್ತಾರೆ, ಮುಟ್ಟಿದಲ್ಲಿ ಅವನು ಬೆರಳಿಟ್ಟು ತೋರಿಸಬೇಕು. ತೊನ್ನಿನ ಮೇಲೆ ಬೆರಳು ತಪ್ಪದೆ ಬೀಳುತ್ತದೆ. ಕುಷ್ಠದ ಮಚ್ಚೆಯ ಮೇಲೆ ಸಾಮಾನ್ಯವಾಗಿ ಬೀಳುವುದಿಲ್ಲ.