ಕಪ್ಪುಕುಳಿ ಬೆಂಕಿ ಉಗುಳುತ್ತದೆಯೇ? ಚಿತ್ರದ ಹಿಂದಿನ ಸತ್ಯವೇನು?

ಕಪ್ಪುಕುಳಿಯೊಳಗಿಂದ ಬೆಳಕೂ ಹೊರಬರಲಾರದು. ಹಾಗಾದರೆ ಗ್ಯಾಲಕ್ಸಿಯ ಎರಡೂ ಬದಿಗೆ ಬೆಂಕಿ ಚಿಮ್ಮಿದಂತೆ ಕಾಣುವ ಚಿತ್ರಗಳು ಸುಳ್ಳೇ?

ಸುಳ್ಳಲ್ಲ. ಸೆಂಟಾರಸ್ ಎ ಗ್ಯಾಲಕ್ಸಿಯನ್ನೇ ನೋಡಿ. ಅದರ ನಡುವಿನ ಕಪ್ಪುಕುಳಿಯ ಸುತ್ತ ಅನಿಲ ಸುಳಿಯಂತೆ ತಿರುಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಒಳಗೆ ಬೀಳುವ ಮೊದಲೇ ಕಾಂತಕ್ಷೇತ್ರಕ್ಕೆ ಸಿಕ್ಕಿ ಎರಡು ದಿಕ್ಕಿಗೆ ಭಾರಿ ವೇಗದಲ್ಲಿ ಚಿಮ್ಮುತ್ತದೆ. ಒಳಗೆ ಬಿದ್ದದ್ದು ವಾಪಸ್ ಬರುವುದಿಲ್ಲ.

ಅದು ಬೆಂಕಿಯೂ ಅಲ್ಲ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಹೊಮ್ಮಿಸುವ ರೇಡಿಯೋ ತರಂಗ. ಅದು ಕಣ್ಣಿಗೆ ಕಾಣದು, ಚಿತ್ರದ ಬಣ್ಣ ವಿಜ್ಞಾನಿಗಳು ತುಂಬಿದ್ದು. ಕಾಣುವಂತಿದ್ದರೆ ಆಕಾಶದಲ್ಲಿ ಸುಮಾರು 16 ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ ಇರುತ್ತಿತ್ತು!

ಭೂಮಿಗೆ ಅಪಾಯವೇ? ಇಲ್ಲ. ಅದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಚಿತ್ರ ಫಾರ್ವರ್ಡ್ ಮಾಡುವಾಗ ಇದನ್ನೂ ಜೊತೆಗೆ ಕಳಿಸಿ.