ಪುಸ್ತಕದೊಳಗಿನ ಪಟ್ಟಿ

ಮಿಲ್ಡ್ರೆಡ್ ಟೇಲರ್ ಬರೆದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಓದಿದೀರಾ? 1976ರಲ್ಲಿ ಬಂದದ್ದು. ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ಮಕ್ಕಳ ಕಾದಂಬರಿ ತಾನೇ, ಬೇಗ ಮುಗಿಯುತ್ತೆ ಅಂತ ಹಿಡಿದೆ. ಮೊದಲ ಅಧ್ಯಾಯವೇ ಮುಂದಕ್ಕೆ ಬಿಡಲಿಲ್ಲ.

ಕಥೆ 1933ರ ಮಿಸಿಸಿಪ್ಪಿಯದು. ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್ ಅನ್ನೋ ಕಪ್ಪು ಹುಡುಗಿ. ಅವಳ ಆರು ವರ್ಷದ ತಮ್ಮ ಮೊದಲ ಸಲ ಶಾಲೆಗೆ ಹೋಗ್ತಾನೆ. ಬಟ್ಟೆಗೆ ಧೂಳು ಕೂತರೂ ಸಹಿಸದ ಹುಡುಗ. ಸಿಕ್ಕ ಪುಸ್ತಕ ಕೊಳಕಾಗಿದೆ, ಬೇರೆ ಕೊಡಿ ಅಂತಾನೆ. ಟೀಚರ್ ಗದರಿಸಿ ಕೂರಿಸ್ತಾರೆ. ಪುಸ್ತಕ ತೆರೆದವನೇ ಅದನ್ನು ನೆಲಕ್ಕೆಸೆದು ತುಳಿಯತೊಡಗುತ್ತಾನೆ!

ಹಳೇದು ಅನ್ನೋದಕ್ಕಲ್ಲ. ನಾವೂ ಪಕ್ಕದ್ಮನೆ ಅಣ್ಣನ ಪುಸ್ತಕ ಅರ್ಧ ಬೆಲೆಗೆ ತಗೊಂಡು ಓದಿದವರೇ. ಅದರೊಳಗೆ ಒಂದು ಪಟ್ಟಿ ಅಂಟಿಸಿತ್ತು: ಯಾವ ವರ್ಷ ಕೊಟ್ಟದ್ದು, ಪುಸ್ತಕದ ಸ್ಥಿತಿ ಹೇಗಿತ್ತು, ವಿದ್ಯಾರ್ಥಿಯ ಜನಾಂಗ ಯಾವುದು. 1922ರಲ್ಲಿ ಹೊಸದು, ಬಿಳಿಯರಿಗೆ. ಹೀಗೇ ಹನ್ನೊಂದು ವರ್ಷ ಬಿಳಿಯರ ಕೈಯಲ್ಲಿ ಸವೆದ ಮೇಲೆ, ಹನ್ನೆರಡನೇ ಸಾಲಿನಲ್ಲಿ ‘ತೀರಾ ಕೆಟ್ಟ ಸ್ಥಿತಿ’, ಅದರ ಪಕ್ಕ ಕಪ್ಪುಜನರನ್ನು ಹೀಯಾಳಿಸುವ ಪದ. ಟೀಚರ್ ಕೂಡ ಕಪ್ಪು ಹೆಂಗಸೇ. ನೀವು ಅದೇ ತಾನೇ ಅನ್ನೋ ಥರ ಮಾತಾಡಿ ಬಾರಿಸ್ತಾರೆ. ನನಗೆ ಆ ಪಟ್ಟಿಗಿಂತ ಭಯ ಹುಟ್ಟಿಸಿದ್ದು ಇದು.

ಈ ವ್ಯವಸ್ಥೆ ಟೇಲರ್ ಕಲ್ಪನೆಯಲ್ಲ. 1890ರ ಮಿಸಿಸಿಪ್ಪಿ ಸಂವಿಧಾನದಲ್ಲೇ ಎರಡು ಜನಾಂಗದ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಬೇಕು ಅಂತ ಬರೆದಿತ್ತು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಲೂಯಿಸಿಯಾನಾದ ರೈಲು ಡಬ್ಬಿಯ ಮೊಕದ್ದಮೆಯಲ್ಲಿ, ಬೇರೆಯಾಗಿದ್ದರೂ ಸಮಾನವಾಗಿದ್ದರೆ ತಪ್ಪಿಲ್ಲ ಅಂದಿತು. ಎಷ್ಟು ಸಮಾನ ಅನ್ನೋದಕ್ಕೆ ಆ ಪಟ್ಟಿ ಸಾಕು. ಬಿಳಿ ಮಕ್ಕಳಿಗೆ ಬಸ್ಸು. ಕ್ಯಾಸಿ, ಅಣ್ಣತಮ್ಮಂದಿರಿಗೆ ನಡಿಗೆ, ಮೇಲೆ ಆ ಬಸ್ಸು ಬೇಕಂತಲೇ ಎರಚುವ ಕೆಸರು.

ಕ್ಯಾಸಿಯ ಅಮ್ಮ ಅದೇ ಶಾಲೆಯಲ್ಲಿ ಏಳನೇ ತರಗತಿಗೆ ಟೀಚರ್. ಭಾಷಣ ಬಿಗಿಯೋದಿಲ್ಲ. ಗೋಂದು ತಗೊಂಡು ಮಕ್ಕಳ ಪುಸ್ತಕದಲ್ಲಿನ ಆ ಪಟ್ಟಿಯ ಮೇಲೆ ಕಾಗದ ಅಂಟಿಸ್ತಾಳೆ. ಆಮೇಲೆ ಪಠ್ಯದಲ್ಲಿಲ್ಲದ ಗುಲಾಮಗಿರಿಯ ಚರಿತ್ರೆ ಪಾಠ ಮಾಡುವಾಗ ಜಮೀನ್ದಾರ ಗ್ರ್ಯಾಂಜರ್ ಜೊತೆ ಶಾಲಾ ಮಂಡಳಿಯವರು ಬಂದು ಕೆಲಸದಿಂದ ತೆಗೀತಾರೆ.

ಪುಸ್ತಕದ ಪಟ್ಟಿ ನೀನು ಕಡೆಯವನು ಅಂದರೆ, ಜಮೀನಿನ ಪತ್ರ ಈ ನೆಲ ನಿನ್ನದು ಅನ್ನುತ್ತೆ. ಲೋಗನ್ನರಿಗೆ 400 ಎಕರೆ ಇದೆ. ಅಜ್ಜ 1887ರಲ್ಲಿ ಅರ್ಧ, 1918ರಲ್ಲಿ ಇನ್ನರ್ಧ ಕೊಂಡದ್ದು. ಸುತ್ತಲಿನ ಕಪ್ಪುಜನರೆಲ್ಲ ಹೆಚ್ಚಾಗಿ ಗೇಣಿದಾರರು, ಸಾಲದ ಅಂಗಡಿ ಬಿಟ್ಟು ಕದಲುವ ಹಾಗಿಲ್ಲ. ಇವರಿಗೆ ಸ್ವಂತ ನೆಲ ಇರೋದರಿಂದಲೇ ಬಿಳಿಯರ ಅಂಗಡಿ ಬಹಿಷ್ಕರಿಸೋ ಧೈರ್ಯ. ಅದನ್ನು ಉಳಿಸಿಕೊಳ್ಳೋಕೆ ಅಪ್ಪ ದೂರದ ಲೂಯಿಸಿಯಾನಾದಲ್ಲಿ ರೈಲು ಹಳಿ ಕೆಲಸ ಮಾಡ್ತಾನೆ. ಸುಮಾರು 1910ರ ಹೊತ್ತಿಗೆ ಅಮೆರಿಕದ ಕಪ್ಪು ರೈತರ ಕೈಯಲ್ಲಿ ಸುಮಾರು ಒಂದೂವರೆ ಕೋಟಿ ಎಕರೆ ಇತ್ತು. ಆ ಶತಮಾನ ಮುಗಿಯೋದರೊಳಗೆ ಅದರಲ್ಲಿ ಬಹುಪಾಲು ಕೈಬಿಟ್ಟುಹೋಯಿತು.

ಕಥೆಯ ಕೊನೆ ಹೇಳಲ್ಲ, ಓದಿ :)

ಇನ್ನು ಶಾಲೆಗಳು. ಪ್ರತ್ಯೇಕ ಶಾಲೆ ಸಂವಿಧಾನಬಾಹಿರ ಅಂತ ಕೋರ್ಟು ಹೇಳಿದ್ದು 1954ರಲ್ಲಿ. ಮಿಸಿಸಿಪ್ಪಿ ಎಳೆದಾಡುತ್ತಲೇ ಇತ್ತು. 1969ರ ಅಕ್ಟೋಬರಿನಲ್ಲಿ, ಅಲ್ಲಿನದೇ ಹೋಮ್ಸ್ ಕೌಂಟಿಯ ಮೊಕದ್ದಮೆಯಲ್ಲಿ, ಕೂಡಲೇ ಜಾರಿ ಮಾಡಿ ಅಂತ ಕೋರ್ಟು ಆಜ್ಞೆ ಮಾಡಿತು. ಆಗ ಎಷ್ಟೋ ಬಿಳಿ ಅಪ್ಪಅಮ್ಮಂದಿರು ಮಕ್ಕಳನ್ನು ಬಿಡಿಸಿ, ತಮಗೆಂದೇ ಹುಟ್ಟಿಕೊಂಡ ಖಾಸಗಿ ಶಾಲೆಗಳಿಗೆ ಸೇರಿಸಿದರು.