ಗಿರಣಿಯ ಲೆಕ್ಕ, ಸಂಸತ್ತಿನ ಮಾತು: ಜಾನ್ ಬ್ರೈಟ್‌ನ ಸಾರ್ವಜನಿಕ ಜೀವನ (1843–1889)

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಚರಿತ್ರೆಯಲ್ಲಿ ಜಾನ್ ಬ್ರೈಟ್‌ನ ಎರಡು ಚಿತ್ರಗಳು ಸಿಗುತ್ತವೆ. ಒಂದರಲ್ಲಿ ಆತ ಯುದ್ಧವನ್ನು ವಿರೋಧಿಸಿದ, ಬಡವನ ರೊಟ್ಟಿಗಾಗಿ ಹೋರಾಡಿದ, ಮತದಾನದ ಹಕ್ಕನ್ನು ಕಾರ್ಮಿಕರಿಗೆ ತಂದುಕೊಟ್ಟ ಧರ್ಮಭೀರು. ಇನ್ನೊಂದರಲ್ಲಿ ಲ್ಯಾಂಕಷೈರಿನ ಹತ್ತಿ ಗಿರಣಿ ಮಾಲೀಕರ ವಕೀಲ. ಮೊದಲನೆಯದನ್ನು ಅವನ ಅಭಿಮಾನಿಗಳು ಬರೆದರು, ಎರಡನೆಯದನ್ನು ಅವನ ಕಾಲದ ಭೂಮಾಲೀಕರೂ ಕಾರ್ಮಿಕ ನಾಯಕರೂ ಕೂಡಿಯೇ ಬರೆದರು. ಎರಡಕ್ಕೂ ಆಧಾರಗಳಿವೆ. ಆದರೆ 46 ವರ್ಷಗಳ ಅವನ ರಾಜಕೀಯವನ್ನು ವರ್ಷ ಹಿಡಿದು ನೋಡಿದರೆ ಗಿರಣಿಯ ಹಿತವೂ ಮನಸ್ಸಾಕ್ಷಿಯೂ ಒಂದೇ ದಾರಿಯಲ್ಲಿ ನಡೆದ ಕಾಲ ಬಹಳ ಚಿಕ್ಕದು. ಅವು ಬೇರೆಯಾದಾಗಲೆಲ್ಲ ಅವನು ಯಾವ ಕಡೆ ವಾಲಿದ ಎಂಬುದೇ ಈ ಲೇಖನದ ವಿಷಯ.

ಬ್ರೈಟ್ ಹುಟ್ಟಿದ್ದು 1811ರ ನವೆಂಬರ್ 16ರಂದು, ಮ್ಯಾಂಚೆಸ್ಟರಿಗೆ ಹತ್ತಿರದ ರಾಚ್‌ಡೇಲ್ ಊರಿನಲ್ಲಿ. ತಂದೆ ಜೇಕಬ್ ಬ್ರೈಟ್ ಅದಕ್ಕೆ ಎರಡು ವರ್ಷ ಮೊದಲು, 1809ರಲ್ಲಿ, ಅಲ್ಲಿ ನೂಲಿನ ಗಿರಣಿ ಶುರುಮಾಡಿದ್ದ. ಮನೆತನ ಕ್ವೇಕರ್ ಪಂಥದ್ದು. ಪಾದ್ರಿಯಿಲ್ಲದೆ ಮೌನದಲ್ಲಿ ಪ್ರಾರ್ಥಿಸುವ, ಆಣೆ ಇಡದ, ಆಯುಧ ಹಿಡಿಯದ ಜನ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಇಂಥವರಿಗೆ ತೆರೆದಿರಲಿಲ್ಲ. ಹಾಗಾಗಿ ಹುಡುಗ ಹದಿಹರೆಯದಲ್ಲೇ ಶಾಲೆ ಬಿಟ್ಟು ಗಿರಣಿ ಸೇರಿದ. ಅವನನ್ನು ಮೊದಲು ಜನರ ಮುಂದೆ ನಿಲ್ಲಿಸಿದ್ದು ಚರ್ಚ್ ತೆರಿಗೆ. ಆಂಗ್ಲಿಕನ್ ಚರ್ಚಿಗೆ ಸೇರದವರೂ ಅದರ ಕಟ್ಟಡದ ಖರ್ಚು ಕೊಡಬೇಕಿತ್ತು. 1840ರಲ್ಲಿ ರಾಚ್‌ಡೇಲಿನ ಚರ್ಚಿನ ಸ್ಮಶಾನದಲ್ಲಿ ಸೇರಿದ ಸಭೆಯಲ್ಲಿ ಬ್ರೈಟ್ ಒಂದು ಗೋರಿಕಲ್ಲಿನ ಮೇಲೆ ಹತ್ತಿ ನಿಂತು ತೆರಿಗೆಯ ವಿರುದ್ಧ ಭಾಷಣ ಮಾಡಿದ. ಮುಂದೆ ಸಂಸತ್ತಿನಲ್ಲಿ ಅವನು ಆಡಿದ ಎಷ್ಟೋ ಮಾತುಗಳ ಬೇರು ಇಲ್ಲಿದೆ: ಒಂದು ವರ್ಗದ ಸವಲತ್ತಿಗೆ ಇನ್ನೊಂದು ವರ್ಗ ಏಕೆ ಹಣ ತೆರಬೇಕು?

ವಿದೇಶಿ ಧಾನ್ಯಕ್ಕೆ ಸುಂಕ ಹಾಕಿ ರೊಟ್ಟಿಯ ಬೆಲೆ ಏರಿಸಿದ್ದ ಧಾನ್ಯ ಕಾನೂನುಗಳ ವಿರುದ್ಧದ ಚಳವಳಿಗೆ ಅವನು ಬಂದ ಕಥೆ ಪ್ರಸಿದ್ಧ. 1841ರ ಸೆಪ್ಟೆಂಬರಿನಲ್ಲಿ ಲೆಮಿಂಗ್ಟನ್ ಊರಿನಲ್ಲಿ ಅವನ ಹೆಂಡತಿ ಎಲಿಜಬೆತ್ ಕ್ಷಯದಿಂದ ತೀರಿಕೊಂಡಳು. ಮದುವೆಯಾಗಿ ಎರಡೇ ವರ್ಷ ಆಗಿತ್ತು. ದುಃಖ ವಿಚಾರಿಸಲು ಬಂದ, ಆ ಚಳವಳಿಯ ನಾಯಕ ರಿಚರ್ಡ್ ಕಾಬ್ಡನ್, ನಾಡಿನ ಸಾವಿರಾರು ಮನೆಗಳಲ್ಲಿ ಹೆಂಡತಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ, ಮೊದಲ ಸಂಕಟ ಇಳಿದ ಮೇಲೆ ನನ್ನ ಜೊತೆ ಬಾ, ಈ ಕಾನೂನು ಹೋಗುವ ತನಕ ವಿಶ್ರಮಿಸುವುದು ಬೇಡ ಎಂದನಂತೆ. ಜೀವನಚರಿತ್ರೆಗಳೆಲ್ಲ ಇದನ್ನು ಆರಂಭಬಿಂದು ಮಾಡಿಕೊಳ್ಳುತ್ತವೆ. ಆದರೆ ಇದರ ಮೂಲ ಬ್ರೈಟ್‌ನ ಬಾಯಿಮಾತೇ. 1877ರಲ್ಲಿ ಬ್ರಾಡ್‌ಫರ್ಡಿನಲ್ಲಿ ಕಾಬ್ಡನ್ ಪ್ರತಿಮೆ ಅನಾವರಣ ಮಾಡುವಾಗ, ಅಂದರೆ 36 ವರ್ಷಗಳ ನಂತರ ಹೇಳಿದ್ದು. 1838ರಲ್ಲಿ ಮ್ಯಾಂಚೆಸ್ಟರಿನಲ್ಲಿ ಧಾನ್ಯ ಕಾನೂನು ವಿರೋಧಿ ಸಂಘ ಹುಟ್ಟಿದಾಗಲೇ ಬ್ರೈಟ್‌ನ ಹೆಸರು ಅದರ ಸಮಿತಿಯಲ್ಲಿತ್ತು. ದುಃಖ ಅವನನ್ನು ಚಳವಳಿಗೆ ಎಳೆತರಲಿಲ್ಲ, ಅರೆಹೊತ್ತಿನ ಕಾರ್ಯಕರ್ತನನ್ನು ಪೂರ್ಣಾವಧಿಯವನನ್ನಾಗಿಸಿತು ಎನ್ನುವುದು ಹೆಚ್ಚು ಸರಿ.

1843ರ ಜುಲೈನಲ್ಲಿ ಅವನು ಡರ್ಹಮ್‌ನಿಂದ ಸಂಸತ್ತಿಗೆ ಬಂದ. ಕೆಲವೇ ತಿಂಗಳ ಹಿಂದೆ ಅಲ್ಲಿ ಅವನನ್ನು ಸೋಲಿಸಿದ್ದ ಲಾರ್ಡ್ ಡಂಗ್ಯಾನನ್‌ನ ಗೆಲುವು ಲಂಚದ ಕಾರಣಕ್ಕೆ ರದ್ದಾಗಿತ್ತು. 1846ರಲ್ಲಿ ಧಾನ್ಯ ಕಾನೂನುಗಳು ಬಿದ್ದವು. ಅಗ್ಗದ ಧಾನ್ಯ ಕೂಲಿಯವನ ಹೊಟ್ಟೆಗೂ ಒಳ್ಳೆಯದು, ವಿದೇಶಿ ಧಾನ್ಯಕ್ಕೆ ಪ್ರತಿಯಾಗಿ ಬಟ್ಟೆ ಮಾರುವ ಗಿರಣಿಗೂ ಒಳ್ಳೆಯದು. ಇಲ್ಲಿಯ ತನಕ ಎರಡು ಹಿತಗಳೂ ಒಂದೇ ಬಂಡಿಯ ಜೋಡೆತ್ತು.

ಮರುವರ್ಷವೇ ಅವು ಬೇರೆಯಾದವು. ಜವಳಿ ಗಿರಣಿಗಳಲ್ಲಿ ಹೆಂಗಸರಿಗೂ 18ರೊಳಗಿನವರಿಗೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಮೆ ಕೂಡದೆಂಬ 1847ರ ಕಾಯ್ದೆಯನ್ನು ಬ್ರೈಟ್ ಕಟುವಾಗಿ ವಿರೋಧಿಸಿದ. ಮಕ್ಕಳ ರಕ್ಷಣೆಗೆ ತನ್ನ ತಕರಾರಿಲ್ಲ, ಆದರೆ ವಯಸ್ಕರ ದುಡಿಮೆಯ ಕರಾರಿನಲ್ಲಿ ಸರ್ಕಾರ ತಲೆ ಹಾಕಬಾರದು ಎಂಬುದು ಅವನ ವಾದ. ತನ್ನ ಗಿರಣಿಯಲ್ಲಿ ಮಕ್ಕಳಿಗೆ ಶಾಲೆ ನಡೆಸುತ್ತಿದ್ದವನು ಬೇರೆ ಗಿರಣಿಗಳೂ ಹಾಗೆಯೇ ಇರುತ್ತವೆಂದು ನಂಬಿದ್ದನೋ ಏನೋ. ನಂಬಿಕೆಯನ್ನು ಅವನು ತತ್ವದ ಭಾಷೆಯಲ್ಲಿ ಹೇಳಿದ ನಿಜ. ಆದರೆ ಆ ತತ್ವದ ಲಾಭ ಯಾರ ತಿಜೋರಿಗೆ ಹೋಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಅವನನ್ನು ಸಂತನೆಂದು ಬರೆಯುವವರು ಈ ವರ್ಷವನ್ನು ಬೇಗ ದಾಟಿಬಿಡುತ್ತಾರೆ.

ಕ್ರಿಮಿಯಾ ಯುದ್ಧದಲ್ಲಿ ಎದುರು ಪರೀಕ್ಷೆ ನಡೆಯಿತು. 1854ರಿಂದ ಇಡೀ ದೇಶ ಯುದ್ಧದ ಹುಮ್ಮಸ್ಸಿನಲ್ಲಿದ್ದಾಗ ಬ್ರೈಟ್ ಕಾಬ್ಡನ್‌ನಂಥ ಕೆಲವರ ಜೊತೆಗಷ್ಟೇ ನಿಂತು ವಿರೋಧಿಸಿದ. ಮ್ಯಾಂಚೆಸ್ಟರಿನಲ್ಲಿ ಅವನ ಪ್ರತಿಕೃತಿ ಸುಟ್ಟರು. 1855ರ ಫೆಬ್ರವರಿ 23ರಂದು, ಸಾವಿನ ದೇವದೂತನ ರೆಕ್ಕೆಬಡಿತ ಕಿವಿಗೆ ಬೀಳುವಂತಿದೆ ಎಂದು ಅವನು ಹೇಳಿದ ಭಾಷಣ ಇಂದಿಗೂ ಸಂಸತ್ತಿನ ದೊಡ್ಡ ಭಾಷಣಗಳಲ್ಲಿ ಎಣಿಕೆಯಾಗುತ್ತದೆ. ಯುದ್ಧ ಮಾತ್ರ ನಿಲ್ಲಲಿಲ್ಲ. ಮರುವರ್ಷ ಅವನ ಆರೋಗ್ಯ ಕುಸಿಯಿತು, 1857ರಲ್ಲಿ, ಆ ಹೊತ್ತಿಗೆ ಅವನ ಕ್ಷೇತ್ರವಾಗಿದ್ದ ಮ್ಯಾಂಚೆಸ್ಟರಿನ ಮತದಾರರು ಅವನನ್ನು ಸೋಲಿಸಿದರು. ಅದೇ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್ ಅವಿರೋಧವಾಗಿ ಕರೆದುಕೊಂಡಿತು, ಸಾಯುವವರೆಗೂ ಬಿಡಲಿಲ್ಲ. ಇಷ್ಟೆಲ್ಲ ಅವಧಿಯಲ್ಲಿ ಗಿರಣಿಯ ಭಾರ ಬಹುಪಾಲು ತಮ್ಮ ಥಾಮಸ್‌ನ ಹೆಗಲ ಮೇಲಿತ್ತು. ಅಣ್ಣನ ರಾಜಕೀಯಕ್ಕೆ ತಮ್ಮನ ದುಡಿಮೆಯೇ ಬಂಡವಾಳ ಎಂಬುದನ್ನು ಚರಿತ್ರಕಾರರು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಭಾರತದ ವಿಷಯದಲ್ಲಿ ಅವನ ನಿಲುವು ಇನ್ನೂ ಜಟಿಲ. 1848ರಲ್ಲಿ ಭಾರತದ ಹತ್ತಿ ಬೆಳೆಯ ಬಗ್ಗೆ ಸಂಸತ್ತು ನೇಮಿಸಿದ ಸಮಿತಿಗೆ ಬ್ರೈಟ್ ಅಧ್ಯಕ್ಷ. ಅಮೆರಿಕದ ಗುಲಾಮರ ದುಡಿಮೆಯ ಹತ್ತಿಯನ್ನೇ ನಂಬಿದ ಲ್ಯಾಂಕಷೈರಿಗೆ ಇನ್ನೊಂದು ಮೂಲ ಬೇಕೆಂಬುದು ಮಾಲೀಕರ ಲೆಕ್ಕ. ಆದರೆ ಭಾರತದಿಂದ ಹತ್ತಿ ಯಾಕೆ ಬರುತ್ತಿಲ್ಲವೆಂದು ಕೆದಕುತ್ತ ಹೋದಂತೆ ಸಿಕ್ಕಿದ್ದು ರೈತನ ಮೇಲಿನ ಕಂದಾಯದ ಭಾರ ಮತ್ತು ರಸ್ತೆಯಿಲ್ಲದ ನಾಡು. ಧಾರವಾಡ ಸೀಮೆಯ ಸ್ಥಿತಿ ಇದಕ್ಕೆ ತಕ್ಕ ಉದಾಹರಣೆ. 1840ರ ದಶಕದಲ್ಲಿ ಅಲ್ಲಿನ ಎರೆಭೂಮಿಯಲ್ಲಿ ಕಂಪನಿ ಸರ್ಕಾರ ಅಮೆರಿಕನ್ ತಳಿಯ ಹತ್ತಿ ಬೆಳೆಸಲು ಶುರುಮಾಡಿತ್ತು. ಬೆಳೆ ಬಂತು. ಆದರೆ ಆ ಅರಳೆ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ದೋಣಿಯಲ್ಲಿ ಮುಂಬಯಿಗೆ ಹೋಗಬೇಕಿತ್ತು. ದಾರಿಯ ಧೂಳು, ನಡುವೆ ಕೈ ಬದಲಿಸುವ ದಲ್ಲಾಳಿಗಳ ಕಲಬೆರಕೆ ಎಲ್ಲ ಸೇರಿ ಲಿವರ್‌ಪೂಲಿನಲ್ಲಿ ಬೆಲೆ ಬೀಳುತ್ತಿತ್ತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಮೋಸ ತಡೆಯಲೆಂದೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆಯೂ ಕಾರವಾರ ಬಂದರಿನ ಮೇಲೆ ಕಣ್ಣಿಟ್ಟ ಮ್ಯಾಂಚೆಸ್ಟರಿನ ಒತ್ತಡವಿತ್ತು.

ಮಾಲೀಕನ ಲೆಕ್ಕದಿಂದ ಶುರುವಾದ ಈ ಆಸಕ್ತಿ 1858ರ ಹೊತ್ತಿಗೆ ಬೇರೆಯೇ ಕಡೆ ತಲುಪಿತ್ತು. ಆ ವರ್ಷದ ಜೂನ್ 24ರಂದು ಬ್ರೈಟ್ ಸಂಸತ್ತಿನಲ್ಲಿ, 1834ರಿಂದ 14 ವರ್ಷ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಇಡೀ ಪ್ರದೇಶದಲ್ಲಿ ಲೋಕೋಪಯೋಗಿ ಕೆಲಸಕ್ಕೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಹಣವನ್ನು ಮ್ಯಾಂಚೆಸ್ಟರ್ ನಗರವೊಂದೇ ಕುಡಿಯುವ ನೀರಿಗೆ ಸುರಿದಿದೆ ಎಂದ. ಗವರ್ನರ್ ಜನರಲ್ ಹುದ್ದೆಯನ್ನೇ ತೆಗೆದು ಕಲ್ಕತ್ತ, ಮದ್ರಾಸು, ಮುಂಬಯಿ, ಆಗ್ರಾ, ಲಾಹೋರ್ ಎಂಬ ಐದು ಸ್ವತಂತ್ರ ಪ್ರಾಂತಗಳನ್ನು ಮಾಡಿ, ಬ್ರಿಟನ್ ಹಿಂದೆ ಸರಿಯುವ ದಿನ ಅವು ತಮ್ಮ ಕಾಲ ಮೇಲೆ ನಿಲ್ಲುವಂತಿರಬೇಕು ಎಂದ. ಭಾರತದ ಸಿಪಾಯಿ ದಂಗೆಯ ಸೇಡು ಇನ್ನೂ ಆರದಿದ್ದ ದಿನಗಳಲ್ಲಿ ಹೀಗೆ ಬ್ರಿಟಿಷರು ಹೊರಡುವ ದಿನವನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿದ ಗಿರಣಿ ಮಾಲೀಕ ಅಪರೂಪದವನೇ. 1868ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಭಾರತ ಮಂತ್ರಿಯ ಹುದ್ದೆ ಕೊಡಲು ಬಂದಾಗ ಮಾತ್ರ ಬೇಡವೆಂದ. ಸೈನ್ಯದ ಜವಾಬ್ದಾರಿ ಕ್ವೇಕರನಿಗೆ ಒಗ್ಗದೆಂಬುದು ಒಂದು ಕಾರಣವಿರಬಹುದು. ಆದರೂ ಹತ್ತು ವರ್ಷ ಹಿಂದಿನ ಮಾತನ್ನು ಕಾರ್ಯರೂಪಕ್ಕೆ ತರುವ ಅವಕಾಶ ಕೈಬಿಟ್ಟಿತು.

ಅವನ ನಿಜವಾದ ಅಗ್ನಿಪರೀಕ್ಷೆ 1861ರ ಅಮೆರಿಕದ ಅಂತರ್ಯುದ್ಧ. ಲ್ಯಾಂಕಷೈರಿನ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಉತ್ತರದವರು ಬಂದರುಗಳನ್ನು ಮುಚ್ಚಿದರು. 1862ರ ಕೊನೆಗೆ ಹತ್ತಿ ಜಿಲ್ಲೆಗಳಲ್ಲಿ 5 ಲಕ್ಷದ ಹತ್ತಿರ ಜನ ಪರಿಹಾರದ ಮೇಲೆ ಬದುಕುತ್ತಿದ್ದರು. ದಕ್ಷಿಣಕ್ಕೆ ಮಾನ್ಯತೆ ಕೊಟ್ಟರೆ ಹತ್ತಿ ಬರುತ್ತದೆ ಎಂಬ ಕೂಗು ಮಾಲೀಕರಲ್ಲಿ ಜೋರಾಗಿತ್ತು. ತನ್ನ ಮಗ್ಗಗಳೂ ಅದೇ ಅರಳೆಗೆ ಕಾಯುತ್ತಿದ್ದಾಗ ಬ್ರೈಟ್ ಗುಲಾಮಗಿರಿಯ ಪಕ್ಷ ಹಿಡಿಯಲು ಒಪ್ಪಲಿಲ್ಲ. 1863ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ದಕ್ಷಿಣದ ಪರವಾಗಿ ಹಡಗು ಸಜ್ಜುಗೊಳಿಸುವ ಸಂಚಿನಲ್ಲಿ ಸಿಕ್ಕಿಬಿದ್ದ ಆಲ್ಫ್ರೆಡ್ ರೂಬರಿ ಎಂಬ ಬರ್ಮಿಂಗ್‌ಹ್ಯಾಮಿನ ಯುವಕನಿಗೆ ಹತ್ತು ವರ್ಷ ಸಜೆಯಾಯಿತು. ಬ್ರೈಟ್ ಕೇಳಿಕೊಂಡ ಮೇಲೆ ಅಮೆರಿಕದ ಅಧ್ಯಕ್ಷ ಲಿಂಕನ್ ಕ್ಷಮಾದಾನ ಕೊಟ್ಟ. ಆ ಆದೇಶದಲ್ಲೇ ಬ್ರೈಟ್‌ನ ಶೀಲ ಮತ್ತು ಸ್ಥಿರ ಸ್ನೇಹದ ಮೇಲಿನ ಗೌರವವನ್ನು ಕಾರಣವೆಂದು ನಮೂದಿಸಿದೆ. ಅವನನ್ನು ಬರೀ ಗಿರಣಿ ವಕೀಲನೆನ್ನುವವರು ಈ ವರ್ಷಗಳಿಗೆ ಉತ್ತರ ಕೊಡಬೇಕಾಗುತ್ತದೆ.

ನಗರದ ಕಾರ್ಮಿಕರಿಗೆ ಮತ ತಂದ 1867ರ ಸುಧಾರಣೆಗಾಗಿ ಅವನು ಊರೂರು ಸುತ್ತಿ ಮಾಡಿದ ಭಾಷಣಗಳ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಮಂತ್ರಿಯಾಗಿ ಅವನ ಸಾಧನೆ ದೊಡ್ಡದಲ್ಲ. 1868ರಲ್ಲಿ ವಾಣಿಜ್ಯ ಮಂಡಳಿಯ ಅಧ್ಯಕ್ಷನಾದಾಗ ಮಂಡಿಯೂರುವ ಶಾಸ್ತ್ರದಿಂದ ರಾಣಿ ವಿಕ್ಟೋರಿಯಾ ಈ ಕ್ವೇಕರನಿಗೆ ವಿನಾಯಿತಿ ಕೊಟ್ಟಳು. 1870ರ ಐರಿಷ್ ಭೂ ಕಾಯ್ದೆಯಲ್ಲಿ ಗೇಣಿದಾರರು ಜಮೀನು ಕೊಳ್ಳಲು ಬೆಲೆಯ ಮೂರನೇ ಎರಡು ಭಾಗ ಸರ್ಕಾರದಿಂದ ಸಾಲ ಪಡೆಯುವ ಕಲಮುಗಳು ಅವನ ಹೆಸರಿನಲ್ಲೇ ಗುರುತಾಗಿವೆ. 1879ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಭಾರತೀಯರಿಗಾದ ಅನ್ಯಾಯ ಹೇಳಲು ಲಾಲ್‌ಮೋಹನ್ ಘೋಷ್ ಲಂಡನ್ನಿಗೆ ಹೋದಾಗ ಸಭೆಯ ಅಧ್ಯಕ್ಷತೆ ವಹಿಸಿದವನು ಬ್ರೈಟ್. 1882ರ ಜುಲೈನಲ್ಲಿ ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡು ಸುರಿಸಿದಾಗ ಸಂಪುಟ ಬಿಟ್ಟು ಹೊರಬಂದ.

ಆದರೆ ಕೊನೆಯ ವರ್ಷಗಳಲ್ಲಿ ಅವನ ಸಮಾನತೆಗೆ ಗಡಿಗಳು ಕಾಣತೊಡಗಿದವು. 1867ರಲ್ಲಿ ಮಹಿಳೆಯರ ಮತದಾನಕ್ಕೆ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ತಂದ ತಿದ್ದುಪಡಿಯ ಪರ ಮತ ಹಾಕಿದ್ದವನು 1876ರಲ್ಲಿ ಅದೇ ಬೇಡಿಕೆಯ ವಿರುದ್ಧ ಮಾತಾಡಿದ. ತಮ್ಮ ಜೇಕಬ್, ತಂಗಿ ಪ್ರಿಸಿಲ್ಲಾ ಇಬ್ಬರೂ ಆ ಚಳವಳಿಯ ಮುಂಚೂಣಿಯಲ್ಲಿದ್ದರು. 1886ರಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಗ್ಲ್ಯಾಡ್‌ಸ್ಟನ್‌ನ ಮಸೂದೆಯನ್ನೂ ವಿರೋಧಿಸಿದ. ಭಾರತಕ್ಕೆ ಐದು ಪ್ರಾಂತಗಳನ್ನು ಕಲ್ಪಿಸಿಕೊಂಡವನಿಗೆ ಪಕ್ಕದ ದ್ವೀಪಕ್ಕೆ ಒಂದು ಶಾಸನಸಭೆಯನ್ನು ಒಪ್ಪಲಾಗಲಿಲ್ಲ. ಇಲ್ಲಿ ಗಿರಣಿಯ ಹಿತವೇನೂ ಇರಲಿಲ್ಲ, ಆದ್ದರಿಂದ ವರ್ಗದ ವಿವರಣೆ ಈ ನಿಲುವಿಗೆ ಸಾಲದು. 1889ರ ಮಾರ್ಚ್ 27ರಂದು ರಾಚ್‌ಡೇಲಿನ ಮನೆಯಲ್ಲಿ ಬ್ರೈಟ್ ತೀರಿಕೊಂಡ. ತೆರವಾದ ಬರ್ಮಿಂಗ್‌ಹ್ಯಾಮಿನ ಸ್ಥಾನಕ್ಕೆ ಮುಂದಿನ ತಿಂಗಳು ನಡೆದ ಉಪಚುನಾವಣೆಯಲ್ಲಿ ಅವನ ಮಗ ಜಾನ್ ಆಲ್ಬರ್ಟ್ ಗೆದ್ದ, ಗ್ಲ್ಯಾಡ್‌ಸ್ಟನ್‌ನ ಪಕ್ಷದಿಂದಲ್ಲ, ಐರ್ಲೆಂಡಿನ ಪ್ರಶ್ನೆಯ ಮೇಲೆ ಅದರಿಂದ ಒಡೆದು ಹೋಗಿದ್ದ ಯೂನಿಯನಿಸ್ಟ್ ಬಣದಿಂದ.